ಅಭಿಮಾನಿ ಮತ್ತು ಮತದಾರ

ಎಲ್ಲರಿಗೂ ನಮಸ್ಕಾರ. ಇವತ್ತಿನ ರಾಜಕೀಯ, ಚುನಾವಣೆ, ಸಿನಿಮಾ, ಮೊಬೈಲು ಎಲ್ಲವೂ ಒಂದರೊಳಗೊಂದು ಸೇರಿಹೋಗಿವೆ. ಇದು ಒಬ್ಬ ಸಂಪ್ರದಾಯವಾದಿಗೆ ಹೇಗೆ ಕಾಣುತ್ತದೆ, ಅದನ್ನು ಹೇಳಿ ಎಂದು ಸಂಘಟಕರು ಕೇಳಿದ್ದಾರೆ. ಸಂಪ್ರದಾಯವಾದಿ ಎಂದ ಕೂಡಲೇ ಇವರು ಯಾವ ಪಕ್ಷದವರು ಎಂಬ ಪ್ರಶ್ನೆ ಏಳುತ್ತದೆ. ನಾನು ಹೇಳಹೊರಟಿರುವುದರಿಂದ ಯಾವ ಪಕ್ಷಕ್ಕೂ ಲಾಭವಿಲ್ಲ. ನಾನು ಮತ ಹಾಕುವ ಪಕ್ಷದವರೂ ಇದನ್ನು ಕೇಳಿಸಿಕೊಳ್ಳಬೇಕು ಎಂಬುದು ನನ್ನ ಆಸೆ.

ಚುನಾವಣೆ ಇರುವುದು ಆಡಳಿತ ನಡೆಸುವವರನ್ನು ಆರಿಸಲು, ಸರಿಕಾಣದಿದ್ದರೆ ರಕ್ತಪಾತವಿಲ್ಲದೆ ಅವರನ್ನು ಮನೆಗೆ ಕಳಿಸಲು. ಈ ಸರಳ ಕೆಲಸದ ಮೇಲೆ ಜನಪ್ರಿಯ ಸಂಸ್ಕೃತಿ ಇನ್ನೊಂದು ಕೆಲಸವನ್ನು ಹೊರಿಸಿದೆ: ಉದ್ಧಾರಕನನ್ನು ಹುಡುಕುವ ಕೆಲಸ. ಅಭ್ಯರ್ಥಿ ಹೀರೊ ಆದ, ಮತದಾರ ಅಭಿಮಾನಿಯಾದ. ಅಭಿಮಾನಿಗೂ ಮತದಾರನಿಗೂ ಅಜಗಜಾಂತರ ವ್ಯತ್ಯಾಸವಿದೆ. ಮತದಾರ ಲೆಕ್ಕ ಕೇಳುತ್ತಾನೆ. ಅಭಿಮಾನಿ ಲೆಕ್ಕ ಕೇಳಿದವನ ಮೇಲೆ ಜಗಳಕ್ಕೆ ಹೋಗುತ್ತಾನೆ. ಇದನ್ನು ಎಲ್ಲರಿಗಿಂತ ಮೊದಲು ವಿರೋಧಿಸಬೇಕಾದವರು ಸಂಪ್ರದಾಯವಾದಿಗಳು ಎಂಬುದು ನನ್ನ ವಾದ. ಯಾಕೆಂದರೆ ನಮ್ಮ ಚಿಂತನೆಯ ಬುಡದಲ್ಲೇ ಒಂದು ಎಚ್ಚರವಿದೆ: ಮನುಷ್ಯ ಎಷ್ಟು ಒಳ್ಳೆಯವನಾದರೂ ಅಧಿಕಾರ ಸಿಕ್ಕಾಗ ಎಡವುತ್ತಾನೆ. ಕಾನೂನು, ಕೋರ್ಟು, ಅವಧಿ, ಸದನದ ನಡಾವಳಿ, ಹಿರಿಯರಿಂದ ಬಂದ ಕಟ್ಟುಪಾಡುಗಳು ಇರುವುದೇ ಅದಕ್ಕಾಗಿ.

1945ರ ಬ್ರಿಟನ್ನಿನ ಚುನಾವಣೆಯನ್ನು ನೋಡಿ. ಆ ವರ್ಷದ ಮೇ 8ರಂದು ಯೂರೋಪಿನಲ್ಲಿ ಯುದ್ಧ ಮುಗಿಯಿತು. ಪ್ರಧಾನಿ ವಿನ್ಸ್ಟನ್ ಚರ್ಚಿಲ್ ಅವರಿಗಿಂತ ದೊಡ್ಡ ಹೀರೊ ಆ ದೇಶದಲ್ಲಿ ಆಗ ಇರಲಿಲ್ಲ. ಪ್ರಚಾರಕ್ಕೆ ಹೋದಲ್ಲೆಲ್ಲ ಬೀದಿಗಳು ತುಂಬಿದವು, ಜನ ಜೈಕಾರ ಹಾಕಿದರು. ಜುಲೈ 5ರಂದು ಮತದಾನವಾಯಿತು. ಹೊರದೇಶಗಳಲ್ಲಿದ್ದ ಸೈನಿಕರ ಮತಗಳೂ ಬಂದು ಸೇರಲಿ ಎಂದು ಮೂರು ವಾರ ಕಾದು, 26ರಂದು ಎಣಿಸಿದರು. ಎದುರಾಳಿ ಲೇಬರ್ ಪಕ್ಷಕ್ಕೆ 393 ಸ್ಥಾನ. ಬೀದಿಯಲ್ಲಿ ಜೈಕಾರ ಹಾಕಿದವರಲ್ಲಿ ಬಹಳಷ್ಟು ಜನ ಮತಗಟ್ಟೆಯಲ್ಲಿ ಬೇರೆಯವರಿಗೆ ಮುದ್ರೆ ಒತ್ತಿದ್ದರು. ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಅಮೆರಿಕದ ಟ್ರೂಮನ್, ರಷ್ಯದ ಸ್ಟಾಲಿನ್ ಜೊತೆ ಯುದ್ಧಾನಂತರದ ಮಾತುಕತೆ ಅರ್ಧಕ್ಕೆ ನಿಂತಿತ್ತು. ಫಲಿತಾಂಶ ತಿಳಿಯಲು ಲಂಡನ್ನಿಗೆ ಬಂದ ಚರ್ಚಿಲ್ ಆ ಸಂಜೆಯೇ ರಾಜೀನಾಮೆ ಕೊಟ್ಟರು. ಮಾತುಕತೆ ಮುಂದುವರಿಸಲು ಹೋದವರು ಹೊಸ ಪ್ರಧಾನಿ ಕ್ಲೆಮೆಂಟ್ ಆಟ್ಲಿ.

ಚರ್ಚಿಲ್ ನಮ್ಮ ಕಡೆಯವರು, ಸಂಪ್ರದಾಯವಾದಿಗಳು. ಅವರ ಸೋಲಿನಲ್ಲಿ ನಾನು ಸಂತೋಷಪಡಬೇಕಾಗಿಲ್ಲ. ಸಮಾಜವಾದಿಗಳು ಆಡಳಿತ ನಡೆಸಬೇಕಾದರೆ ಹಿಟ್ಲರನ ಗುಪ್ತ ಪೊಲೀಸರಂಥ ಒಂದು ಬಗೆಯ ಗೆಸ್ಟಾಪೊ ಬೇಕಾಗುತ್ತದೆ ಎಂದು ಜೂನ್‌ನಲ್ಲಿ ರೇಡಿಯೊದಲ್ಲಿ ಆಡಿದ ಮಾತು ಅವರಿಗೇ ಮುಳುವಾಯಿತು. ಆದರೂ ಆ ಮತದಾರರ ಬಗ್ಗೆ ನನಗೆ ಅಪಾರ ಗೌರವವಿದೆ. ಯುದ್ಧ ಗೆಲ್ಲಿಸಿದ ಋಣ ಬೇರೆ, ಮುಂದಿನ ಐದು ವರ್ಷ ಮನೆ, ಉದ್ಯೋಗ, ಆಸ್ಪತ್ರೆ ಯಾರ ಕೈಯಲ್ಲಿರಬೇಕು ಎಂಬ ತೀರ್ಮಾನ ಬೇರೆ ಎಂದು ಅವರು ಬಿಡಿಸಿ ನೋಡಿದರು. ಚರ್ಚಿಲ್ ಕೂಡ ಮತ ಎಣಿಕೆಯಲ್ಲಿ ಮೋಸವಾಗಿದೆ ಎನ್ನಲಿಲ್ಲ. ವಿರೋಧ ಪಕ್ಷದಲ್ಲಿ ಕೂತರು, 1951ರಲ್ಲಿ ಮತ್ತೆ ಗೆದ್ದು ಬಂದರು.

ಇವತ್ತು ಅದೇ ಸನ್ನಿವೇಶ ಬಂದರೆ ಏನಾಗುತ್ತದೆ? ಅಂಥ ನಾಯಕನ ವಿರುದ್ಧ ಮತ ಹಾಕಿದವರನ್ನು ದ್ರೋಹಿಗಳೆಂದು ಕರೆಯುವ ಪೋಸ್ಟುಗಳು ಒಂದು ಗಂಟೆಯೊಳಗೆ ಊರೆಲ್ಲ ಹರಡುತ್ತವೆ. ನಾಯಕನ ನಡಿಗೆಗೆ ಹಿನ್ನೆಲೆ ಸಂಗೀತ ಹಾಕಿ, ಸ್ಲೋಮೋಷನ್‌ನಲ್ಲಿ ತೋರಿಸುವ ವಿಡಿಯೊಗಳನ್ನು ಎಲ್ಲ ಪಕ್ಷಗಳೂ ದುಡ್ಡು ಕೊಟ್ಟು ಮಾಡಿಸುತ್ತವೆ. ಮತ ಎಣಿಕೆಯ ದಿನ ಟಿ.ವಿ. ವಾಹಿನಿಗಳು ಹಾಕುವ ಸೆಟ್ಟು, ಬೆಳಕು, ಡ್ರಮ್ಮು ನೋಡಿದರೆ ಒಂದು ರಾಜ್ಯದ ಖಜಾನೆ ಯಾರ ಕೈಗೆ ಹೋಗುತ್ತಿದೆ ಎಂಬ ಗಂಭೀರ ವಿಷಯ ನಡೆಯುತ್ತಿದೆ ಎಂದು ಅನ್ನಿಸುವುದೇ ಇಲ್ಲ.

ನಟರು ರಾಜಕೀಯಕ್ಕೆ ಬರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ವಕೀಲರು ಬರಬಹುದಾದರೆ ನಟರೂ ಬರಬಹುದು. ರೊನಾಲ್ಡ್ ರೇಗನ್ ಹಾಲಿವುಡ್ ನಟ ಎಂದು ಹಂಗಿಸಿದವರು ಒಂದನ್ನು ಮರೆಯುತ್ತಾರೆ. ಅವರು ನಟರ ಕಾರ್ಮಿಕ ಸಂಘಕ್ಕೆ ವರ್ಷಗಟ್ಟಲೆ ಅಧ್ಯಕ್ಷರಾಗಿ ಮಾಲೀಕರ ಜೊತೆ ಚೌಕಾಸಿ ಮಾಡಿದ್ದರು, 1967ರಿಂದ ಎಂಟು ವರ್ಷ ಕ್ಯಾಲಿಫೋರ್ನಿಯದ ಚುನಾಯಿತ ರಾಜ್ಯಪಾಲರಾಗಿ ಬಜೆಟ್ ಮಂಡಿಸಿದ್ದರು, 1976ರಲ್ಲಿ ಪಕ್ಷದ ಅಭ್ಯರ್ಥಿಯಾಗಲು ಹೋಗಿ ಸೋತಿದ್ದರು. ಅದಾದ ಮೇಲೆ 1980ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದರು. ಎಂ.ಜಿ. ರಾಮಚಂದ್ರನ್ 1953ರಲ್ಲೇ ಡಿಎಂಕೆ ಸೇರಿದವರು, 1967ರಲ್ಲಿ ಶಾಸಕರಾದವರು. 1972ರಲ್ಲಿ ಸ್ವಂತ ಪಕ್ಷ ಕಟ್ಟಿದರೂ ಮುಖ್ಯಮಂತ್ರಿಯಾಗಿದ್ದು 1977ರಲ್ಲಿ. ಈ ಇಬ್ಬರ ಆಡಳಿತವನ್ನು ನೀವು ಹೊಗಳಿ, ತೆಗಳಿ, ಆದರೆ ಇಬ್ಬರೂ ರಾಜಕೀಯದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದವರು.

ಎನ್.ಟಿ. ರಾಮರಾವ್ ಅವರದು ಬೇರೆ ಕತೆ. ತೆರೆಯ ಮೇಲೆ ರಾಮ, ಕೃಷ್ಣರಾಗಿ ಜನ ಕೈಮುಗಿದಿದ್ದ ಮನುಷ್ಯ 1982ರ ಮಾರ್ಚ್‌ನಲ್ಲಿ ಪಕ್ಷ ಕಟ್ಟಿ, 1983ರ ಜನವರಿಯಲ್ಲಿ ಮುಖ್ಯಮಂತ್ರಿ. ಆಂಧ್ರಪ್ರದೇಶ ಹುಟ್ಟಿದಾಗಿನಿಂದ ಆಳುತ್ತಿದ್ದ ಕಾಂಗ್ರೆಸ್ ಹತ್ತು ತಿಂಗಳೊಳಗೆ ಉರುಳಿತು. ದಿಲ್ಲಿಯಿಂದ ಮುಖ್ಯಮಂತ್ರಿಗಳನ್ನು ಬದಲಿಸುತ್ತಿದ್ದ ಪದ್ಧತಿಗೆ ಅದು ತಕ್ಕ ಉತ್ತರ ಎಂಬುದನ್ನು ಒಪ್ಪುತ್ತೇನೆ. 1984ರ ಆಗಸ್ಟ್‌ನಲ್ಲಿ ರಾಜ್ಯಪಾಲರು ಅವರನ್ನು ವಜಾ ಮಾಡಿದಾಗ ಜನ ಬೀದಿಗಿಳಿದು ತಿಂಗಳೊಳಗೆ ಮತ್ತೆ ಕುರ್ಚಿಯಲ್ಲಿ ಕೂರಿಸಿದ್ದು ನಮ್ಮ ಪ್ರಜಾಪ್ರಭುತ್ವದ ಒಳ್ಳೆಯ ದಿನಗಳಲ್ಲಿ ಒಂದು. ಆದರೆ 1989ರಲ್ಲಿ ಅದೇ ಜನ ಅವರ ಪಕ್ಷವನ್ನು ಸೋಲಿಸಿದರು. ತೆರೆಯ ದೇವರು ಆಡಳಿತಗಾರನಾಗಿ ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂರಲೇಬೇಕು ಎಂಬುದು ಉಳಿಯಿತಲ್ಲ, ಅದೇ ಸಮಾಧಾನ.

ಉಕ್ರೇನಿನಲ್ಲಿ ಪಾತ್ರಕ್ಕೂ ವ್ಯಕ್ತಿಗೂ ನಡುವಿನ ಗೆರೆಯೇ ಅಳಿಸಿಹೋಯಿತು. ಶಾಲಾ ಮೇಷ್ಟ್ರೊಬ್ಬರು ಅಕಸ್ಮಾತ್ತಾಗಿ ದೇಶದ ಅಧ್ಯಕ್ಷರಾಗುವ ಟಿ.ವಿ. ಧಾರಾವಾಹಿಯಲ್ಲಿ ನಟಿಸಿದ ವೊಲೊದಿಮಿರ್ ಝೆಲೆನ್‌ಸ್ಕಿ, ಅದೇ ಧಾರಾವಾಹಿಯ ಹೆಸರಿನ ಪಕ್ಷದಿಂದ ನಿಂತು 2019ರಲ್ಲಿ ನೂರಕ್ಕೆ 73ರಷ್ಟು ಮತ ಪಡೆದರು. 2022ರ ಫೆಬ್ರವರಿಯಲ್ಲಿ ರಷ್ಯ ನುಗ್ಗಿ ಬಂದಾಗ ರಾಜಧಾನಿ ಬಿಟ್ಟು ಹೋಗದೆ ನಿಂತ ಆ ಮನುಷ್ಯನ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ 2019ರಲ್ಲಿ ಮತ ಹಾಕಿದವರಿಗೆ ಆ ಧೈರ್ಯ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅವರಿಗೆ ಗೊತ್ತಿದ್ದುದು ಮೇಷ್ಟ್ರ ಪಾತ್ರ. ಒಂದು ದೇಶ ತನ್ನ ಸೇನೆ, ಗಡಿ, ಖಜಾನೆಯನ್ನು ಒಪ್ಪಿಸುವಾಗ ಅದೃಷ್ಟದ ಮೇಲೆ ಅಷ್ಟು ಭಾರ ಹಾಕಬಾರದು.

ಈಗ ನಮ್ಮವರೇ ಆದ ಒಬ್ಬರನ್ನು ನೆನೆಯಬೇಕು. ಡಾ. ರಾಜ್‌ಕುಮಾರ್. 1982ರ ಗೋಕಾಕ್ ಚಳವಳಿಗೆ ಅವರು ಇಳಿದಾಗ ರಾಜ್ಯದ ಉದ್ದಗಲಕ್ಕೆ ಸೇರಿದ ಜನಸಾಗರವನ್ನು ಕಂಡವರು ಇಲ್ಲಿ ಇದ್ದೀರಿ. ಪಕ್ಕದ ತಮಿಳುನಾಡಿನಲ್ಲಿ ಆಗ ಒಬ್ಬ ನಟ ಮುಖ್ಯಮಂತ್ರಿ, ಪಕ್ಕದ ಆಂಧ್ರದಲ್ಲಿ ಇನ್ನೊಬ್ಬರು ಆಗಷ್ಟೇ ಪಕ್ಷ ಕಟ್ಟಿದ್ದರು. ರಾಜಕೀಯಕ್ಕೆ ಬನ್ನಿ ಎಂದು ಕರೆದವರಿಗೆ ಲೆಕ್ಕವಿಲ್ಲ. ಅವರು ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಅಭಿಮಾನಿಗಳನ್ನು ದೇವರು ಎಂದು ಕರೆದ ಮನುಷ್ಯ ಆ ದೇವರ ಹತ್ತಿರ ಒಂದು ವೋಟನ್ನೂ ಬೇಡಲಿಲ್ಲ. ಭಾಷೆಯ ಪ್ರಶ್ನೆ ಬಂದಾಗ ಬೀದಿಗೆ ಬಂದರು, ಕೆಲಸ ಮುಗಿದ ಮೇಲೆ ಬಣ್ಣದ ಮನೆಗೆ ಹಿಂತಿರುಗಿದರು. ಕಲಾವಿದನ ಮೇಲಿನ ಪ್ರೀತಿಯನ್ನು ಅಧಿಕಾರದ ಬಂಡವಾಳ ಮಾಡಿಕೊಳ್ಳಬಾರದು ಎಂಬ ಮರ್ಯಾದೆ ಅದು. ನಾನು ಸಂಪ್ರದಾಯವಾದ ಎಂದು ಕರೆಯುವುದರ ತಿರುಳು ಇಂಥ ಸ್ವಯಂ ಸಂಯಮದಲ್ಲಿದೆ. ಕನ್ನಡಿಗರು ಇದನ್ನು ಎತ್ತಿ ಹೇಳುವುದು ಕಡಿಮೆ ಎಂಬ ಕೊರಗು ನನಗಿದೆ.

ನಟರಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಸಿನಿಮಾ ಹೇಳುವ ಕತೆ. ದೊಡ್ಡ ಹೀರೊಗಳ ಚಿತ್ರಗಳಲ್ಲಿ ಪೊಲೀಸ್ ಠಾಣೆ ಕೊಳೆತಿರುತ್ತದೆ, ಕೋರ್ಟು ಮಾರಾಟವಾಗಿರುತ್ತದೆ, ಸರ್ಕಾರಿ ಕಚೇರಿಯಲ್ಲಿ ಒಬ್ಬ ಪ್ರಾಮಾಣಿಕನೂ ಇರುವುದಿಲ್ಲ. ಅದೆಲ್ಲವನ್ನೂ ಮುರಿದು, ಕಾನೂನನ್ನು ಕೈಗೆತ್ತಿಕೊಂಡು ಹೊಡೆದಾಗಲೇ ಶಿಳ್ಳೆ ಬೀಳುವುದು. ಎರಡೂವರೆ ಗಂಟೆಯಲ್ಲಿ ನ್ಯಾಯ ಸಿಗುತ್ತದೆ. ಒಂದು ಚಿತ್ರ ಹೀಗಿದ್ದರೆ ಮನರಂಜನೆ. ಮೂರು ತಲೆಮಾರು ಇದನ್ನೇ ನೋಡಿ ಬೆಳೆದರೆ ಸಂಸ್ಥೆಗಳು ಎಂದರೆ ಅಡ್ಡಿ, ವ್ಯಕ್ತಿ ಎಂದರೆ ಪರಿಹಾರ ಎಂಬ ಭಾವನೆ ಮನಸ್ಸಿನಲ್ಲಿ ಬೇರು ಬಿಡುತ್ತದೆ.

2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂ ಸುರಿದರು. ಆ ಹೆಣ್ಣುಮಗಳಿಗೆ ಆದ ಅನ್ಯಾಯದಿಂದ ಹುಟ್ಟಿದ ಸಿಟ್ಟು ನನಗೆ ಅರ್ಥವಾಗುತ್ತದೆ, ನನಗೂ ಅದೇ ಸಿಟ್ಟಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪೂರ್‌ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, 10 ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದು ಅದು ಹೇಳಿತು. ಹೂ ಸುರಿದವರಲ್ಲಿ ಎಷ್ಟು ಜನ ಆ ವರದಿಯ ಸುದ್ದಿ ಓದಿರಬಹುದು? ಕಾನೂನು ಸುವ್ಯವಸ್ಥೆ ನಮ್ಮ ಉಸಿರು ಎಂದು ಹೇಳಿಕೊಳ್ಳುವ ಸಂಪ್ರದಾಯವಾದಿಗಳು ಅಂದು ಮೊದಲು ಎದ್ದುನಿಂತು, ಇವರು ಅಪರಾಧಿಗಳೇ ಎಂದು ತೀರ್ಮಾನಿಸಬೇಕಾದದ್ದು ನ್ಯಾಯಾಲಯ ಎನ್ನಬೇಕಿತ್ತು. ಬಹುಪಾಲು ನಮ್ಮವರೇ ಚಪ್ಪಾಳೆ ತಟ್ಟಿದರು. ಈ ನೋವಿನಿಂದಲೇ ನಾನು ಇವತ್ತು ಈ ವಿಷಯ ಎತ್ತಿಕೊಂಡದ್ದು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಮಾಡಿದ ಭಾಷಣವನ್ನು ಎಲ್ಲ ಪಕ್ಷಗಳೂ ಉದ್ಧರಿಸುತ್ತವೆ, ಯಾವ ಪಕ್ಷವೂ ಪಾಲಿಸುವುದಿಲ್ಲ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಥವಾ ವ್ಯಕ್ತಿಪೂಜೆ ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುವುದು ಖಚಿತ ಎಂದರು ಅವರು. ಅಂಬೇಡ್ಕರ್ ಸಂಪ್ರದಾಯವಾದಿಯಲ್ಲ, ಅವರನ್ನು ನಮ್ಮ ಪಾಳೆಯಕ್ಕೆ ಎಳೆದುಕೊಳ್ಳುವ ದುಡುಕು ನನಗಿಲ್ಲ. ಆದರೆ ಸಂಪ್ರದಾಯವಾದಿಯೊಬ್ಬ ಬಾಯಿಪಾಠ ಮಾಡಬೇಕಾದ ಮಾತು ಅದು. ಆ ಮಾತು ಬಂದು ಇಪ್ಪತ್ತಾರು ವರ್ಷಕ್ಕೆ ತುರ್ತುಪರಿಸ್ಥಿತಿ ಬಂತು.

ಸೋಲೊಪ್ಪಿಕೊಳ್ಳುವುದರ ಬಗ್ಗೆ ಒಂದು ಮಾತು. 2000ದಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ಫ್ಲಾರಿಡಾ ರಾಜ್ಯದ 537 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಸುಪ್ರೀಂ ಕೋರ್ಟ್ ಮರುಎಣಿಕೆ ನಿಲ್ಲಿಸಿದಾಗ ಅಲ್ ಗೋರ್ ಆ ತೀರ್ಪನ್ನು ಒಪ್ಪದಿದ್ದರೂ ಮರುದಿನವೇ ಸೋಲೊಪ್ಪಿಕೊಂಡರು. ಇಪ್ಪತ್ತು ವರ್ಷ ಕಳೆದ ಮೇಲೆ, 2021ರ ಜನವರಿ 6ರಂದು, ಸೋತ ಅಧ್ಯಕ್ಷರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿ ಮತಗಳ ಅಧಿಕೃತ ಎಣಿಕೆಯನ್ನೇ ತಡೆದರು. ಆ ಗುಂಪು ತನ್ನನ್ನು ಸಂಪ್ರದಾಯವಾದಿ ಎಂದು ಕರೆದುಕೊಳ್ಳುತ್ತಿತ್ತು. ಅವರ ತೆರಿಗೆ ನೀತಿ, ಗಡಿ ನೀತಿ, ಕುಟುಂಬದ ಬಗೆಗಿನ ಕಾಳಜಿ ಎಷ್ಟೇ ನನಗೆ ಹಿಡಿಸಿದರೂ ಆ ದಿನದ ಕೆಲಸವನ್ನು ನಾನು ಯಾವ ಸಬೂಬಿನಿಂದಲೂ ಸಮರ್ಥಿಸಲಾರೆ. ಅಂದು ಸಂಪ್ರದಾಯವನ್ನು ಉಳಿಸಿದವರು ತಮ್ಮದೇ ಪಕ್ಷದ ಅಧ್ಯಕ್ಷರ ಒತ್ತಡಕ್ಕೆ ಮಣಿಯದೆ ಎಣಿಕೆ ಪೂರ್ತಿ ಮಾಡಿಸಿದ ಉಪಾಧ್ಯಕ್ಷ ಮೈಕ್ ಪೆನ್ಸ್.

ಇನ್ನು ಸಂಸ್ಕೃತಿಯ ವಿಷಯ. ಸಿನಿಮಾ, ಧಾರಾವಾಹಿ, ಹಾಡು, ರೀಲ್ಸ್‌ಗಳಲ್ಲಿ ಕುಟುಂಬದ ಬಗ್ಗೆ, ದೇವರ ಬಗ್ಗೆ, ಹಿರಿಯರ ಬಗ್ಗೆ ಹಗುರವಾಗಿ ಮಾತಾಡುತ್ತಾರೆ ಎಂಬ ನಮ್ಮವರ ದೂರು ಬಹುಪಾಲು ನಿಜ. ನನಗೂ ಬೇಸರವಿದೆ. ಆದರೆ ದೂರು ಬಂದ ಕೂಡಲೇ ನಾವು ಓಡುವುದು ಸರ್ಕಾರದ ಹತ್ತಿರ: ಬ್ಯಾನ್ ಮಾಡಿ, ಕತ್ತರಿ ಹಾಕಿ, ಕೇಸು ಹಾಕಿ. ಸರ್ಕಾರದ ಕೈಗೆ ಕೊಟ್ಟ ಕತ್ತರಿ ಮುಂದಿನ ಚುನಾವಣೆಯ ನಂತರ ಎದುರಾಳಿಯ ಕೈಯಲ್ಲಿರುತ್ತದೆ. 1976ರಲ್ಲಿ ಸರ್ಕಾರದ ಪ್ರಚಾರ ಕಾರ್ಯಕ್ರಮಕ್ಕೆ ಹಾಡಲು ಕಿಶೋರ್ ಕುಮಾರ್ ಒಪ್ಪಲಿಲ್ಲ. ಅವರ ಹಾಡುಗಳು ಆಕಾಶವಾಣಿಯಿಂದ ಮಾಯವಾದವು. ಇಡೀ ದೇಶ ಗುನುಗುತ್ತಿದ್ದ ದನಿಯನ್ನು ಒಂದು ಆದೇಶದಿಂದ ನಿಲ್ಲಿಸಬಹುದು ಎಂದು ಆಗ ಗೊತ್ತಾಯಿತು. ಗಲಾಟೆಯಾಗುತ್ತದೆ ಎಂಬ ಬೆದರಿಕೆಗೆ ಹೆದರಿ ಸರ್ಕಾರ ಚಿತ್ರವನ್ನು ತಡೆಯುವಂತಿಲ್ಲ, ರಕ್ಷಣೆ ಕೊಡುವುದೇ ಅದರ ಕೆಲಸ ಎಂದು 1989ರ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ಎಲ್ಲರಿಗಿಂತ ಹೆಚ್ಚು ನಮಗೆ ಬೇಕು. ನಾಳೆ ನಮ್ಮ ಭಜನೆಗೂ, ನಮ್ಮ ನಾಟಕಕ್ಕೂ ಗಲಾಟೆ ಮಾಡುವವರು ಬರಬಹುದು.

ಅಭಿರುಚಿ ಬೆಳೆಯುವ ಜಾಗಗಳು ಬೇರೆ. ಮನೆಯಲ್ಲಿ ಅಜ್ಜಿ ಹೇಳುವ ಕತೆ, ಊರಿನ ಯಕ್ಷಗಾನ ಮೇಳ, ಗಮಕ ಕಲಿಸುವ ಮೇಷ್ಟ್ರು, ಹವ್ಯಾಸಿ ನಾಟಕ ತಂಡ, ಗ್ರಂಥಾಲಯ. ಇವಕ್ಕೆ ನಾವು ಕೊಡುವ ಸಮಯವೆಷ್ಟು, ಹಣವೆಷ್ಟು? ಒಳ್ಳೆಯ ಚಿತ್ರ ಬೇಕಾದರೆ ಒಳ್ಳೆಯ ಚಿತ್ರ ಮಾಡುವವರ ಹಿಂದೆ ನಿಲ್ಲಬೇಕು. 1992ರಲ್ಲಿ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಒಂದು ಟಿ.ವಿ. ಧಾರಾವಾಹಿಯ ಪಾತ್ರ ಮದುವೆಯಿಲ್ಲದೆ ತಾಯಿಯಾದದ್ದನ್ನು ಭಾಷಣದಲ್ಲಿ ಟೀಕಿಸಿದರು. ತಂದೆಯಿಲ್ಲದ ಮನೆಗಳ ಮಕ್ಕಳ ಬಗ್ಗೆ ಅವರಿಗಿದ್ದ ಕಳವಳ ಸರಿಯಾದದ್ದೇ. ಆದರೆ ದೇಶವೆಲ್ಲ ಚರ್ಚೆ ಮಾಡಿದ್ದು ಒಂದು ಕಾಲ್ಪನಿಕ ಪಾತ್ರದ ಬಗ್ಗೆ, ನಿಜವಾದ ಮಕ್ಕಳ ಬಗ್ಗೆ ಅಲ್ಲ. ರಾಜಕಾರಣಿ ಧಾರಾವಾಹಿ ವಿಮರ್ಶೆಗೆ ಇಳಿದರೆ ಇಷ್ಟೇ ಆಗುವುದು.

ಹದಿನೆಂಟನೇ ಶತಮಾನದ ಎಡ್ಮಂಡ್ ಬರ್ಕ್ ನಮ್ಮ ಚಿಂತನೆಯ ಮೂಲಪುರುಷರಲ್ಲೊಬ್ಬರು. ಸಮಾಜ ಎಂಬುದು ಬದುಕಿರುವವರ ನಡುವೆ ಮಾತ್ರ ಆದ ಒಪ್ಪಂದವಲ್ಲ, ಸತ್ತವರೂ ಇನ್ನೂ ಹುಟ್ಟದವರೂ ಅದರಲ್ಲಿ ಪಾಲುದಾರರು ಎಂದವರು ಅವರು. ಈ ಇಬ್ಬರು ಪಾಲುದಾರರಿಗೂ ಇವತ್ತಿನ ಚುನಾವಣೆಯಲ್ಲಿ ಅನ್ಯಾಯವಾಗುತ್ತಿದೆ. 2018ರಲ್ಲಿ ತೀರಿಕೊಂಡ ಎಂ. ಕರುಣಾನಿಧಿ 2024ರ ಜನವರಿಯಲ್ಲಿ ಕೃತಕ ಬುದ್ಧಿಮತ್ತೆಯ ವಿಡಿಯೊದಲ್ಲಿ ಕಾಣಿಸಿಕೊಂಡು ಮಗನ ಆಡಳಿತವನ್ನು ಹೊಗಳಿದರು. ಮುಂದಿನ ತಿಂಗಳೇ ಎದುರಾಳಿ ಪಕ್ಷ 2016ರಲ್ಲಿ ತೀರಿಕೊಂಡ ಜಯಲಲಿತಾ ಅವರ ದನಿಯಲ್ಲಿ ಸಂದೇಶ ಹೊರಡಿಸಿತು. ಇಬ್ಬರೂ ಆಡದ ಮಾತುಗಳನ್ನು ಅವರ ಬಾಯಲ್ಲಿ ಆಡಿಸಿದರು. ತಂತ್ರಜ್ಞಾನದ ಚಮತ್ಕಾರ ಎಂದು ಜನ ಬೆರಗಾದರು. ನನಗೆ ಮೈ ಝುಮ್ಮೆಂದಿತು. ಸತ್ತವರಿಗೆ ನಾವು ಕೊಡಬೇಕಾದ ಮೊದಲ ಗೌರವ ಎಂದರೆ ಅವರ ಮಾತನ್ನು ಅವರು ಆಡಿದಷ್ಟಕ್ಕೇ ಬಿಡುವುದು. ಇದರ ವಿರುದ್ಧ ಒಂದು ಸ್ಪಷ್ಟ ನಿಯಮ ಬೇಕೆಂದು ಚುನಾವಣಾ ಆಯೋಗವನ್ನು ಒತ್ತಾಯಿಸಬೇಕಾದವರು ನಾವು. ಹುಟ್ಟದವರ ಮಾತೂ ಹೀಗೆಯೇ. 2024ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಸಾಲ 36 ಲಕ್ಷ ಕೋಟಿ ಡಾಲರ್ ದಾಟಿತು. ಅದರಲ್ಲಿ ಎರಡೂ ಪಕ್ಷಗಳ ಕೈಯಿದೆ. ವೇದಿಕೆಯಿಂದ ಘೋಷಣೆ ಮಾಡಿ ಚಪ್ಪಾಳೆ ಗಿಟ್ಟಿಸುವವರೇ ಬೇರೆ, ಆ ಬಿಲ್ಲು ತೀರಿಸುವವರೇ ಬೇರೆ. ತೀರಿಸುವವರಲ್ಲಿ ಬಹಳ ಮಂದಿಗೆ ಇನ್ನೂ ಮತವಿಲ್ಲ.

ಇದೇ ಬರ್ಕ್ 1774ರಲ್ಲಿ ಬ್ರಿಸ್ಟಲ್ ಕ್ಷೇತ್ರದಿಂದ ಗೆದ್ದ ದಿನ ಮತದಾರರ ಮುಂದೆ ನಿಂತು ಹೇಳಿದ್ದು ಇದು: ನಿಮ್ಮ ಪ್ರತಿನಿಧಿ ನಿಮಗೆ ಕೊಡಬೇಕಾದದ್ದು ದುಡಿಮೆಯನ್ನಷ್ಟೇ ಅಲ್ಲ, ತನ್ನ ವಿವೇಚನೆಯನ್ನೂ. ನಿಮ್ಮ ಅಭಿಪ್ರಾಯಕ್ಕಾಗಿ ಅದನ್ನು ಬಲಿಕೊಟ್ಟರೆ ಅವನು ನಿಮಗೆ ದ್ರೋಹ ಮಾಡಿದಂತೆ. ಆಡಿದಂತೆ ನಡೆದರು. ಐರ್ಲೆಂಡಿನ ವ್ಯಾಪಾರಕ್ಕೆ ಸಡಿಲಿಕೆ ಕೊಡಬೇಕು, ಕ್ಯಾಥೊಲಿಕರ ಮೇಲಿನ ನಿರ್ಬಂಧ ತೆಗೆಯಬೇಕು ಎಂದು ಬ್ರಿಸ್ಟಲ್‌ನ ವರ್ತಕರಿಗೆ ಹಿಡಿಸದ ನಿಲುವು ತಳೆದರು. 1780ರಲ್ಲಿ ಗೆಲ್ಲುವುದಿಲ್ಲ ಎಂದು ಕಂಡಾಗ ಕಣದಿಂದ ಹಿಂದೆ ಸರಿದರು.

ನಮ್ಮ ಶಾಸಕರು, ಸಂಸದರು ಹೀಗೆ ನಡೆಯಬೇಕೆಂದರೂ ಸಾಧ್ಯವಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದರೆ ಸ್ಥಾನ ಹೋಗಬಹುದು. ಆಯಾರಾಂ ಗಯಾರಾಂಗಳನ್ನು ತಡೆಯಲು ತಂದ ಕಾನೂನು ಅದು. ತಡೆಯಿತೇ? 2019ರ ಜುಲೈನಲ್ಲಿ ಕರ್ನಾಟಕದ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ನಿಂತ ಅವರಲ್ಲಿ ಹೆಚ್ಚಿನವರು ಬೇರೆ ಪಕ್ಷದ ಚಿಹ್ನೆಯಲ್ಲಿ ಗೆದ್ದು ಬಂದರು. ಗುಂಪಾಗಿ ಹೋಗುವವರಿಗೆ ಕಾನೂನು ಅಡ್ಡಿಯಾಗಲಿಲ್ಲ. ಒಂದು ಮಸೂದೆ ತಪ್ಪು ಎಂದು ಆತ್ಮಸಾಕ್ಷಿಯಿಂದ ಹೇಳಬೇಕೆನ್ನುವ ಒಂಟಿ ಸದಸ್ಯನ ಕೈ ಮಾತ್ರ ಕಟ್ಟಿತು. ಸದನದಲ್ಲಿ ಇಂಥ ಸದಸ್ಯರಿಗೆ ಜಾಗವಿಲ್ಲದಿದ್ದರೆ ಉಳಿಯುವುದು ಒಬ್ಬ ನಾಯಕ ಮತ್ತು ಅವನ ಹಿಂದೆ ಕೈ ಎತ್ತುವ ಸಾಲು.

ವಿಪ್‌ನ ಈ ಶಿಕ್ಷೆ ವಿಶ್ವಾಸಮತ, ಹಣಕಾಸು ಮಸೂದೆಯಂಥ ಸರ್ಕಾರದ ಅಳಿವು ಉಳಿವಿನ ಪ್ರಶ್ನೆಗಳಿಗೆ ಮಾತ್ರ ಇರಲಿ ಎಂದು ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಶಿಫಾರಸು ಮಾಡಿದೆ. ಅಂದಿನಿಂದ ಎಷ್ಟೋ ಸರ್ಕಾರಗಳು ಬಂದು ಹೋದವು, ಯಾರೂ ಅದನ್ನು ಮುಟ್ಟಲಿಲ್ಲ. ಮುಂದಿನ ಸಲ ಅಭ್ಯರ್ಥಿ ನಿಮ್ಮ ಬಾಗಿಲಿಗೆ ಬಂದಾಗ ಅವರ ನಾಯಕರ ಫೋಟೊ ಪಕ್ಕಕ್ಕಿಟ್ಟು ಇದನ್ನು ಕೇಳಿ: ನಿಮ್ಮ ಪಕ್ಷ ತಂದ ಮಸೂದೆ ತಪ್ಪು ಎಂದು ನಿಮಗೇ ಅನ್ನಿಸಿದರೆ ಅದರ ವಿರುದ್ಧ ಮತ ಹಾಕುತ್ತೀರಾ? ಕಾನೂನು ಬಿಡುವುದಿಲ್ಲ ಎಂದರೆ, ಆ ಕಾನೂನು ತಿದ್ದಲು ನಿಮ್ಮ ಪಕ್ಷದ ಸಭೆಯಲ್ಲಿ ಒಮ್ಮೆಯಾದರೂ ಮಾತಾಡಿದ್ದೀರಾ ಎಂದು ಕೇಳಿ. ಅವರು ಏನು ಹೇಳುತ್ತಾರೆ ಎಂಬುದನ್ನು ನೋಡಿ ಮತ ಹಾಕಿ.